ಕಿಣ್ವದ ಕುಲ ಕೇಳುವವರಿಗೆ ಕೇಝಿ

ಬ್ಯಾಕ್ಟೀರಿಯಾದ ಜೀನೋಮ್ ಕೈಗೆ ಬಂದ ವಾರದಲ್ಲೇ ವಿದ್ಯಾರ್ಥಿಗಳು ಓಡಿ ಬರುತ್ತಾರೆ: "ಮೇಡಂ, ಸೆಲ್ಯುಲೋಸ್ ಕತ್ತರಿಸುವ ಕಿಣ್ವ, ಸೆಲ್ಯುಲೇಸ್ ಸಿಕ್ಕಿತು!" ಸಿಕ್ಕಿರುವುದು ಜಿಎಚ್5 (ಜಿಎಚ್ ಎಂದರೆ ಗ್ಲೈಕೋಸೈಡ್ ಹೈಡ್ರೋಲೇಸ್, ಸಕ್ಕರೆಯ ಬಂಧ ಕತ್ತರಿಸುವ ಕಿಣ್ವ) ಎಂಬ ಕುಟುಂಬಕ್ಕೆ ಸೇರಿದ ಒಂದು ಜೀನ್, ಅಷ್ಟೇ. ಆ ಕುಟುಂಬದಲ್ಲಿ ಸೆಲ್ಯುಲೋಸ್ ಕತ್ತರಿಸುವವರ ಜೊತೆಗೆ ಗಿಡಗಳ ಬೇರೆ ಸಕ್ಕರೆ ಸರಪಳಿಗಳಾದ ಮನ್ನಾನ್ ಕತ್ತರಿಸುವವರೂ ಇದ್ದಾರೆ, ಝೈಲಾನ್ ಕತ್ತರಿಸುವವರೂ ಇದ್ದಾರೆ. ಒಂದೇ ಮನೆಯಲ್ಲಿ ಬಡಗಿಯೂ ಇರಬಹುದು, ಅಕ್ಕಸಾಲಿಗನೂ ಇರಬಹುದು. ಮನೆತನ ಕೇಳಿ ಕಸುಬು ಹೇಳಲಾಗದು. ಇದು ತಲೆಗೆ ಇಳಿಯಲಿ ಎಂದೇ ನಾನು ಅವರನ್ನು ಕೇಝಿ (CAZy) ಎಂಬ ಜಾಲತಾಣಕ್ಕೆ ಅಟ್ಟುತ್ತೇನೆ.

ಫ್ರಾನ್ಸಿನ ಮಾರ್ಸೇ ನಗರದ ಪ್ರಯೋಗಾಲಯವೊಂದು 1998ರಿಂದ ನಡೆಸುತ್ತಿರುವ ದತ್ತಸಂಚಯ ಇದು. ಸಕ್ಕರೆಯ ಸರಪಳಿಗಳನ್ನು ಕತ್ತರಿಸುವ, ಕಟ್ಟುವ, ತಿದ್ದುವ ಕಿಣ್ವಗಳಿಗಷ್ಟೇ ಇಲ್ಲಿ ಜಾಗ. ದುಡ್ಡು ಕೊಡಬೇಕಿಲ್ಲ. ವಿಜ್ಞಾನಿ ಬರ್ನಾರ್ ಆನ್ರಿಸಾ 1991ರಲ್ಲಿ ಸುಮಾರು 300 ಕಿಣ್ವಗಳ ಅಮೈನೋ ಆಮ್ಲ ಅನುಕ್ರಮಗಳನ್ನು ಹೋಲಿಸಿ 35 ಕುಟುಂಬಗಳಾಗಿ ವಿಂಗಡಿಸಿದ್ದೇ ಇದರ ಬುನಾದಿ. ಈಗ ಗ್ಲೈಕೋಸೈಡ್ ಹೈಡ್ರೋಲೇಸ್ ಕುಟುಂಬಗಳೇ 180 ದಾಟಿವೆ.

ಕಿಣ್ವ ನಡೆಸುವ ಕ್ರಿಯೆಯನ್ನು ನೋಡಿ ಕೊಡುವ ಇಸಿ ಸಂಖ್ಯೆ ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಇಸಿ ಸಂಖ್ಯೆ ನೋಡುವುದು ಕೆಲಸವನ್ನು, ಹುಟ್ಟನ್ನಲ್ಲ. ಸೆಲ್ಯುಲೋಸ್ ಸರಪಳಿಯನ್ನು ನಡುವೆ ಕತ್ತರಿಸುವ ಎಂಡೋಗ್ಲುಕನೇಸ್‌ಗಳೆಲ್ಲ 3.2.1.4 ಎಂಬ ಒಂದೇ ಸಂಖ್ಯೆಯಡಿ ಬರುತ್ತವೆ. ಕೇಝಿಯಲ್ಲಿ ಅವೇ ಜಿಎಚ್5, ಜಿಎಚ್6, ಜಿಎಚ್7, ಜಿಎಚ್9 ಎಂದು ಚದುರಿಹೋಗುತ್ತವೆ. ಜಿಎಚ್5ರ ಪ್ರೋಟೀನು ಮಡಚಿಕೊಳ್ಳುವ ರೀತಿಯೇ ಬೇರೆ, ಜಿಎಚ್9ರದೇ ಬೇರೆ. ಬೇರೆ ಬೇರೆ ಪೂರ್ವಜರಿಂದ ಬಂದವು ಒಂದೇ ಬಂಧವನ್ನು ಮುರಿಯಲು ಕಲಿತಿವೆ. ಇ. ಕೋಲಿ ಬ್ಯಾಕ್ಟೀರಿಯಾದ ಲ್ಯಾಕ್‌ಝಡ್, ಅಂದರೆ ಹಾಲಿನ ಸಕ್ಕರೆ ಒಡೆಯುವ ಬೀಟಾ ಗ್ಯಾಲಕ್ಟೋಸಿಡೇಸ್ ಕಿಣ್ವ, ಇನ್ನೊಂದು ಬಗೆ. ಅದು ಜಿಎಚ್2ರಲ್ಲಿದೆ, ಬೇರೆ ಬೀಟಾ ಗ್ಯಾಲಕ್ಟೋಸಿಡೇಸ್‌ಗಳು ಜಿಎಚ್1, ಜಿಎಚ್35, ಜಿಎಚ್42ರಲ್ಲಿವೆ. ಆದರೆ ಈ ನಾಲ್ಕೂ ಕುಟುಂಬಗಳನ್ನು ಕೇಝಿ ಜಿಎಚ್-ಎ ಎಂಬ ಒಂದೇ ಕ್ಲಾನ್‌ಗೆ ಸೇರಿಸುತ್ತದೆ, ಏಕೆಂದರೆ ಅವುಗಳ ಮಡಿಕೆಯೂ ರಾಸಾಯನಿಕ ಕ್ರಮವೂ ಒಂದೇ. ಅಂದರೆ ದೂರದ ದಾಯಾದಿಗಳು. ಈ ಎರಡು ಉದಾಹರಣೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟರೆ ವಿಕಾಸದ ಒಂದು ಇಡೀ ತರಗತಿ ಮುಗಿಯುತ್ತದೆ.

ಪ್ರತಿ ಕುಟುಂಬದ ಪುಟದ ತಲೆಯಲ್ಲಿರುವ ಪುಟ್ಟ ಕೋಷ್ಟಕವೇ ನನ್ನ ಪ್ರಕಾರ ಈ ತಾಣದ ಬೆಲೆಬಾಳುವ ಭಾಗ. ಬಂಧ ಮುರಿದ ಮೇಲೆ ಸಕ್ಕರೆಯ ಅನೋಮರಿಕ್ ಇಂಗಾಲದ (ಮುರಿದ ಬಂಧ ಹಿಡಿದಿದ್ದ ಇಂಗಾಲದ) ದಿಕ್ಕು ಹಾಗೇ ಉಳಿಯುತ್ತದೆಯೋ, ತಿರುಗುತ್ತದೆಯೋ ಎಂಬುದನ್ನು ಅಲ್ಲಿ ಬರೆದಿರುತ್ತಾರೆ. ಈ ಎರಡು ದಾರಿಗಳನ್ನು ಜೀವರಸಾಯನ ವಿಜ್ಞಾನಿ ಕೋಶ್ಲಂಡ್ 1953ರಲ್ಲೇ ವಿವರಿಸಿದ್ದರು. ಒಂದು ಕುಟುಂಬ ಸಾಮಾನ್ಯವಾಗಿ ಒಂದೇ ದಾರಿಯನ್ನು ಹಿಡಿದಿರುತ್ತದೆ, ಹಾಗಾಗಿ ಪ್ರಯೋಗ ಮಾಡುವ ಮೊದಲೇ ಇಷ್ಟನ್ನು ಧೈರ್ಯವಾಗಿ ಊಹಿಸಬಹುದು. ಜಿಎಚ್97 ಮಾತ್ರ ಹಟಮಾರಿ: ಎರಡೂ ದಾರಿಯವು ಅದರಲ್ಲಿವೆ. ಪರೀಕ್ಷೆಯಲ್ಲಿ ನಾನು ತಪ್ಪದೆ ಕೇಳುವ ಪ್ರಶ್ನೆ ಅದು.

ತಾಣದವರು ಹಳೆಯ ತೀರ್ಮಾನಕ್ಕೆ ಜೋತುಬೀಳುವುದಿಲ್ಲ ಎನ್ನುವುದಕ್ಕೆ ಸೆರಾಷಿಯಾ ಮಾರ್ಸೆಸೆನ್ಸ್ ಎಂಬ ಬ್ಯಾಕ್ಟೀರಿಯಾದ ಸಿಬಿಪಿ21 ಪ್ರೋಟೀನು ಸಾಕ್ಷಿ. ಏಡಿ, ಕೀಟಗಳ ಚಿಪ್ಪಿನಲ್ಲಿರುವ ಕೈಟಿನ್‌ಗೆ ಅಂಟಿಕೊಳ್ಳುವುದಷ್ಟೇ ಇದರ ಕೆಲಸ ಎಂದುಕೊಂಡು, ಅದನ್ನು ಸಿಬಿಎಂ33 ಎಂಬ ಅಂಟುವ ಘಟಕಗಳ ಸಾಲಿನಲ್ಲಿ ಕೂರಿಸಲಾಗಿತ್ತು. 2010ರಲ್ಲಿ ಅದು ಕೈಟಿನ್ ಸರಪಳಿಯನ್ನು ಉತ್ಕರ್ಷಣದ ಮೂಲಕ ಕತ್ತರಿಸುತ್ತದೆ ಎಂದು ಗೊತ್ತಾಯಿತು. ತಾಮ್ರ ಬಳಸುವ ಕಿಣ್ವ ಅದು! 2013ರಲ್ಲಿ ಸಹಾಯಕ ಕಿಣ್ವಗಳಿಗೆಂದೇ ಎಎ ಎಂಬ ಹೊಸ ವರ್ಗ ತೆರೆದು, ಸಿಬಿಎಂ33 ಸಾಲನ್ನು ಅದರಲ್ಲಿ ಎಎ10 ಕುಟುಂಬ ಮಾಡಿದರು. ಹಳೆಯ ಪ್ರಬಂಧ ಓದುವಾಗ ಸಿಬಿಎಂ33 ಎಂದು ಕಂಡರೆ ಗಾಬರಿಯಾಗಬೇಡಿ, ಅದೇ ಇದು.

ಕೊರತೆಗಳೂ ಇವೆ. ನಿಮ್ಮ ಅನುಕ್ರಮವನ್ನು ಅಂಟಿಸಿ ಹುಡುಕುವ ಸೌಲಭ್ಯ ತಾಣದಲ್ಲಿಲ್ಲ. ಅದಕ್ಕೆ ಬೇರೆಯವರು ಕಟ್ಟಿದ ಡಿಬಿಕ್ಯಾನ್ ತಾಣಕ್ಕೆ ಹೋಗಬೇಕು. ಜಿಎಚ್13ರಂಥ ದೊಡ್ಡ ಕುಟುಂಬದ ಬ್ಯಾಕ್ಟೀರಿಯಾ ಪಟ್ಟಿ ತೆರೆದರೆ ಕೊನೆ ಮೊದಲು ಕಾಣುವುದಿಲ್ಲ. ಅಮೈಲೇಸ್, ಪುಲ್ಯುಲನೇಸ್, ಕವಲು ಕೂಡಿಸುವ ಕಿಣ್ವ ಎಲ್ಲವೂ ಒಟ್ಟಿಗೇ ಇರುವುದರಿಂದ ಉಪಕುಟುಂಬದ ಸಂಖ್ಯೆ ನೋಡದೆ ಅಲ್ಲಿ ಹೆಜ್ಜೆ ಇಡಬಾರದು. ಹೊಸಬರಿಗೆ ನೋಟವೂ ಒಣಒಣ, ವಿವರಣೆ ಇಲ್ಲವೇ ಇಲ್ಲ ಅನ್ನಬಹುದು. ಅದಕ್ಕೆ 2007ರಲ್ಲಿ ಶುರುವಾದ ಕೇಝಿಪೀಡಿಯಾ ಇದೆ. ಆಯಾ ಕುಟುಂಬದ ಮೇಲೆ ಕೆಲಸ ಮಾಡಿದವರೇ ಬರೆದ ಪುಟಗಳು. ಎರಡನ್ನೂ ಒಟ್ಟಿಗೆ ತೆರೆದಿಟ್ಟುಕೊಂಡು ಓದುವುದು ಒಳ್ಳೆಯದು.

ಜೀನೋಮ್ ವಿಭಾಗದಲ್ಲಿ ಬ್ಯಾಕ್ಟೀರಾಯ್ಡಿಸ್ ಥೀಟಾಯೋಟಾಮೈಕ್ರಾನ್ ಎಂಬ ಬ್ಯಾಕ್ಟೀರಿಯಾದ ಪುಟ ತೆರೆದು ನೋಡಿ. ನಮ್ಮ ಕರುಳಿನಲ್ಲಿರುವ ಈ ಜೀವಿಯೊಂದರಲ್ಲೇ 250ಕ್ಕೂ ಹೆಚ್ಚು ಗ್ಲೈಕೋಸೈಡ್ ಹೈಡ್ರೋಲೇಸ್‌ಗಳಿವೆ. ಅವುಗಳಲ್ಲಿ ಬಹಳಷ್ಟು ಸಕ್ಕರೆಯನ್ನು ಹಿಡಿದು ಒಳಗೆಳೆಯುವ ಪ್ರೋಟೀನುಗಳ ಜೀನುಗಳ ಪಕ್ಕದಲ್ಲೇ ಗುಂಪುಗುಂಪಾಗಿ ಕೂತಿವೆ. ಕುಟುಂಬದ ಸಂಖ್ಯೆ ಹೇಳದ ಎಷ್ಟೋ ಸುಳಿವನ್ನು ಈ ನೆರೆಹೊರೆ ಹೇಳುತ್ತದೆ. ಆ ಗುಂಪುಗಳನ್ನು ತೋರಿಸಲು ಪಿಯುಎಲ್‌ಡಿಬಿ ಎಂಬ ಉಪತಾಣವನ್ನೂ ಇದೇ ತಂಡ ಇಟ್ಟಿದೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಬಳಸುವವರು ಮೊದಲು ಒತ್ತಬೇಕಾದದ್ದು ಪ್ರಯೋಗದಿಂದ ಖಚಿತವಾದ ಕಿಣ್ವಗಳ ಪಟ್ಟಿಯನ್ನು. ನಿಮ್ಮ ಜೀನಿಗೆ ಅಲ್ಲಿ ಹತ್ತಿರದ ನೆಂಟ ಯಾರೂ ಸಿಗದಿದ್ದರೆ ಪ್ರಬಂಧದಲ್ಲಿ "ಜಿಎಚ್5 ಸದಸ್ಯ" ಎಂದಷ್ಟೇ ಬರೆಯಿರಿ, ಪ್ರೋಟೀನು ತಯಾರಿಸಿ ಬೇರೆ ಬೇರೆ ತಲಾಧಾರಗಳ (ಕಿಣ್ವ ಕತ್ತರಿಸಬಹುದಾದ ಸಕ್ಕರೆ ಸರಪಳಿಗಳ) ಮೇಲೆ ಹಾಕಿ ನೋಡಿ.