ಮಿದುಳಿನ ದ್ರವದ ಚಲನೆ: ಯಾವ ಎಂಆರ್‌ಐ ವಿಧಾನ?

ಮಂಗಳೂರು–ಉಡುಪಿ ಹೆದ್ದಾರಿಯಲ್ಲಿ ಮಳೆಗಾಲದಲ್ಲಿ ಬೈಕ್ ಜಾರಿ ತಲೆಗೆ ಲಘು ಪೆಟ್ಟು ಮಾಡಿಕೊಂಡವರ ಸಿಟಿ ಸ್ಕ್ಯಾನ್ ಬಹುಮಟ್ಟಿಗೆ ಸಹಜವಾಗಿಯೇ ಇರುತ್ತದೆ. ಆದರೂ ತಲೆನೋವು, ನಿದ್ರಾಭಂಗ ವಾರಗಟ್ಟಲೆ ಉಳಿಯುವುದುಂಟು. ಇಂಥವರಲ್ಲಿ ಮಿದುಳಿನ ಒಳಗೂ ಸುತ್ತಲೂ ಇರುವ ದ್ರವದ ಚಲನೆ ಏರುಪೇರಾಗಿದೆಯೇ ಎಂದು ಎಂಆರ್‌ಐ ಮೂಲಕ ಅಧ್ಯಯನ ಮಾಡಬಯಸುವ ಇಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿಗಳು ಮುಖ್ಯವಾಗಿ ಎರಡು ವಿಧಾನಗಳನ್ನು ತೂಗಿ ನೋಡಬೇಕಾಗುತ್ತದೆ.

ಫೇಸ್ ಕಾಂಟ್ರಾಸ್ಟ್ ಎಂಆರ್‌ಐ, ಮಿದುಳಿನ ಮೂರನೆಯ ಮತ್ತು ನಾಲ್ಕನೆಯ ಕುಹರಗಳನ್ನು (ದ್ರವ ತುಂಬಿದ ಪೊಳ್ಳು ಜಾಗಗಳನ್ನು) ಜೋಡಿಸುವ ಕಿರುನಾಳದಲ್ಲಿ ಪ್ರತಿ ಹೃದಯ ಬಡಿತಕ್ಕೂ ದ್ರವ ಹಿಂದೆ ಮುಂದೆ ಚಲಿಸುವ ವೇಗವನ್ನು ಅಳೆಯುತ್ತದೆ. ಇದಕ್ಕೆ ಚುಚ್ಚುಮದ್ದು ಬೇಡ, ಕೆಲವೇ ನಿಮಿಷ ಸಾಕು. ಆದರೆ ಅಂಗಾಂಶದ ಒಳಗಿನ ಚಲನೆಯನ್ನು ಇದು ತೋರಿಸದು.

2017ರಲ್ಲಿ ಜಪಾನಿನ ಸಂಶೋಧಕರು ಮುಂದಿಟ್ಟ ಡಿಟಿಐ-ಎಎಲ್‌ಪಿಎಸ್ ವಿಧಾನವು (ಡಿಟಿಐ ಎಂದರೆ ನೀರಿನ ಅಣುಗಳ ಹರಡುವಿಕೆಯನ್ನು ಅಳೆಯುವ ಎಂಆರ್‌ಐ) ಪಾರ್ಶ್ವ ಕುಹರದ ಪಕ್ಕದಲ್ಲಿ, ರಕ್ತನಾಳಗಳ ಗುಂಟ ನೀರಿನ ಅಣುಗಳು ಎಷ್ಟು ಹರಡುತ್ತವೆ ಎಂಬುದನ್ನು ಅನುಪಾತವಾಗಿ ಕೊಡುತ್ತದೆ. ಹಿಂದೆ ತೆಗೆದ ಡಿಟಿಐ ಚಿತ್ರಗಳಿಂದಲೂ ಇದನ್ನು ಲೆಕ್ಕ ಹಾಕಬಹುದೆಂಬುದು ದೊಡ್ಡ ಅನುಕೂಲ. ಆದರೆ ಇದು ಪರೋಕ್ಷ ಸೂಚಿ. ಪೆಟ್ಟಿನಿಂದ ನರತಂತುಗಳಿಗೇ ಹಾನಿಯಾಗಿದ್ದರೂ ಅನುಪಾತ ಬದಲಾಗಬಹುದು, ಅದನ್ನು ದ್ರವದ ತೊಡಕೆಂದು ತಪ್ಪಾಗಿ ಓದುವ ಅಪಾಯ ನಿಜಕ್ಕೂ ಇದೆ.

ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ, ಎಂಆರ್‌ಐ ಚಿತ್ರದಲ್ಲಿ ಎದ್ದು ಕಾಣುವ ಗ್ಯಾಡೊಲಿನಿಯಂ ಎಂಬ ವಸ್ತುವನ್ನು ಸೇರಿಸುವ ಇನ್ನೊಂದು ದಾರಿ ಹೆಚ್ಚು ವಿವರ ನೀಡುತ್ತದೆಯಾದರೂ, ಲಘು ಪೆಟ್ಟಿನವರ ಸೊಂಟಕ್ಕೆ ಸಂಶೋಧನೆಗಾಗಿ ಸೂಜಿ ಚುಚ್ಚುವುದು ನನ್ನ ದೃಷ್ಟಿಯಲ್ಲಿ ಸಮರ್ಥನೀಯವಲ್ಲ.

ಹೊಸದಾಗಿ ಆರಂಭಿಸುವವರು ಫೇಸ್ ಕಾಂಟ್ರಾಸ್ಟನ್ನು ಆಧಾರವಾಗಿಟ್ಟುಕೊಂಡು, ಎಎಲ್‌ಪಿಎಸ್ ಅನ್ನು ಪೂರಕವಾಗಿ ಮಾತ್ರ ಬಳಸುವುದು ಲೇಸು.