ಕೊಂಡಿ ಕಾರ್ಡುಗಳ ಡಬ್ಬಿ: ಮೂರು ವರ್ಷ ಆಡಿದ ಮೇಲೆ

ಈ ಡಬ್ಬಿ ಕೊಂಡಿದ್ದು 2022ರ ದಸರಾ ರಜೆಯಲ್ಲಿ, ಮಗಳಿಗೆ ಅಂತ. ಈಗ ಜಾಸ್ತಿ ಆಡುವುದು ನಾನು ಮತ್ತು ಅಮ್ಮ.

ಗೊತ್ತಿಲ್ಲದವರಿಗೆ: ಒಳಗೆ 120 ಕಾರ್ಡುಗಳಿವೆ. ಒಂದೊಂದರ ಮೇಲೂ ಒಂದು ಸಂಗತಿ. ಅದರ ಬಾಲ ಹಿಡಿದು ಮುಂದಿನದು ಬರುತ್ತದೆ. ಅಂತ್ಯಾಕ್ಷರಿ ಇದ್ದ ಹಾಗೆ, ಅಕ್ಷರದ ಬದಲು ವಿಷಯ ಅಷ್ಟೇ. ಕೊನೆಯಲ್ಲಿ ಆರು ಖಾಲಿ ಕಾರ್ಡು, ನಾವೇ ಬರೆದುಕೊಳ್ಳೋಕೆ.

ನನ್ನ ಮೆಚ್ಚಿನ ಸರಣಿ ಶುರುವಾಗುವುದು ಶ್ರೀರಂಗಪಟ್ಟಣದಿಂದ. 1799ರಲ್ಲಿ ಟಿಪ್ಪುವಿನ ಮೇಲೆ ಬಂದ ಬ್ರಿಟಿಷ್ ಪಡೆಯಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಇದ್ದ. ಕತ್ತಲಲ್ಲಿ ಪಡೆ ದಾರಿ ತಪ್ಪಿ ಹೋಗುತ್ತಿದ್ದಾಗ ನಕ್ಷತ್ರ ನೋಡಿ ಎಚ್ಚರಿಸಿದವನು ಅವನೇ. ಯುದ್ಧ ಮುಗಿದ ಮೇಲೆ ಭೂಮಿ ಅಳೆಯುವ ಹುಚ್ಚು ಹಿಡಿಯಿತು. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಉಕ್ಕಿನ ಸರಪಳಿ ಹಾಸಿ ಮೊದಲ ಗೆರೆ ಅಳೆದ. ಅವನ ಥಿಯೋಡೊಲೈಟ್, ಅಂದ್ರೆ ಕೋನ ಅಳೆಯುವ ಯಂತ್ರ, ಸುಮಾರು ಅರ್ಧ ಟನ್ ತೂಕ! 1808ರಲ್ಲಿ ತಂಜಾವೂರಿನ ದೊಡ್ಡ ದೇವಸ್ಥಾನದ ಗೋಪುರಕ್ಕೆ ಅದನ್ನು ಎಳೆಯುವಾಗ ಗೋಡೆಗೆ ಬಡಿದು ಜಖಂ ಆಯಿತು. ಪುಣ್ಯಾತ್ಮ ತಾನೇ ಕೂತು ರಿಪೇರಿ ಮಾಡಿದ. ಈ ಕಾರ್ಡು ಬಂದಾಗಲೆಲ್ಲ ಅಮ್ಮ, "ಅಷ್ಟು ಭಾರದ್ದನ್ನ ಎಳೆದವರ ಹೆಸರು ಎಲ್ಲಪ್ಪಾ?" ಅಂತ ಕೇಳುತ್ತಾರೆ. ಕಾರ್ಡಿನಲ್ಲಂತೂ ಇಲ್ಲ.

ಲ್ಯಾಂಬ್ಟನ್ ನಂತರ ಆ ಕೆಲಸಕ್ಕೆ ಬಂದವನು ಜಾರ್ಜ್ ಎವರೆಸ್ಟ್. ಹಿಮಾಲಯದ ಹದಿನೈದನೇ ನಂಬರಿನ ಶಿಖರವೇ ಎಲ್ಲಕ್ಕಿಂತ ಎತ್ತರ ಅಂತ ಲೆಕ್ಕ ಹಾಕಿ ತೋರಿಸಿದವರು ಬಂಗಾಳದ ರಾಧಾನಾಥ ಸಿಕ್ದರ್. ಹೆಸರು ಬಿದ್ದಿದ್ದು ಎವರೆಸ್ಟ್‌ನದು, 1865ರಲ್ಲಿ. ಇಲ್ಲಿನ ಜನಕ್ಕೆ ನನ್ನ ಹೆಸರು ಹೇಳೋಕೆ ಬರುವುದಿಲ್ಲ, ಬೇಡ ಅಂತ ಅವನೇ ಅಂದಿದ್ದನಂತೆ. ಕೇಳುವವರು ಯಾರು? ಆಮೇಲೆ ಎವರೆಸ್ಟ್‌ನ ಸಹೋದರನ ಮಗಳು ಮೇರಿ. ಅವಳ ಗಂಡ ಜಾರ್ಜ್ ಬೂಲ್. ಸರಿ, ತಪ್ಪು ಎರಡನ್ನೇ ಇಟ್ಟುಕೊಂಡು ತರ್ಕವನ್ನು ಗಣಿತ ಮಾಡಿದವನು. ನಮ್ಮ ಕೈಯಲ್ಲಿರುವ ಫೋನಿನ ಒಳಗೆ ಓಡುವುದು ಅದೇ ಗಣಿತ. ಬೂಲ್‌ನ ಮರಿಮೊಮ್ಮಗನ ಮಗ ಜೆಫ್ರಿ ಹಿಂಟನ್, ಇವತ್ತಿನ ಎಐಗೆ ಬುನಾದಿ ಹಾಕಿದವರಲ್ಲಿ ಒಬ್ಬ. ಅವನ ಪೂರ್ತಿ ಹೆಸರಿನ ನಡುವೆ ಎವರೆಸ್ಟ್ ಅಂತಲೂ ಇದೆ. ಶ್ರೀರಂಗಪಟ್ಟಣದಿಂದ ಹೊರಟು ಎಲ್ಲಿಗೆ ಬಂದೆವು ನೋಡಿ! 2024ರಲ್ಲಿ ಅವನಿಗೆ ಭೌತಶಾಸ್ತ್ರದ ನೊಬೆಲ್ ಬಂದಾಗ ಮಗಳು ಒಂದು ಖಾಲಿ ಕಾರ್ಡಿನಲ್ಲಿ ಬರೆದು ಸೇರಿಸಿದಳು.

ಎಲ್ಲ ಸರಣಿಗಳೂ ಹೀಗಿಲ್ಲ. ಮೈಸೂರು ಪಾಕ್ ಕಾರ್ಡಿನ ಮುಂದೆ ಭಾರತ, ಶ್ರೀಲಂಕಾ ನಡುವಿನ ಪಾಕ್ ಜಲಸಂಧಿ ಇಟ್ಟಿದ್ದಾರೆ. ಇಲ್ಲಿ ಪಾಕ ಅಂದ್ರೆ ಸಕ್ಕರೆ ಪಾಕ. ಅಲ್ಲಿ ಮದ್ರಾಸಿನ ಗವರ್ನರ್ ಆಗಿದ್ದ ರಾಬರ್ಟ್ ಪಾಕ್. ಕೊಂಡಿ ಎಲ್ಲಿ ಬಂತು? ಸುಮ್ನೆ ಪ್ರಾಸ. ಇಂಥವು ಹದಿನೈದಾದರೂ ಇವೆ. ಒಂದು ಕಾರ್ಡು ಶುದ್ಧ ಸುಳ್ಳು: ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತದಂತೆ. 2003ರಲ್ಲಿ ಭೂಮಿಯ ಸುತ್ತ ತಿರುಗಿ ಬಂದ ಚೀನಾದ ಯಾಂಗ್ ಲಿವೇಯಿಗೇ ಅದು ಕಾಣಲಿಲ್ಲ. ಚಂದ್ರ ಇರುವುದು 3,84,000 ಕಿ.ಮೀ. ದೂರದಲ್ಲಿ. ಆ ಕಾರ್ಡನ್ನು ನಾವು ಪುಸ್ತಕಕ್ಕೆ ಗುರುತು ಇಡೋಕೆ ಬಳಸುತ್ತೇವೆ.

ಕಾಗದ ಪರವಾಗಿಲ್ಲ, ಅಕ್ಷರ ಸಣ್ಣದು. ಡಬ್ಬಿಯ ಮುಚ್ಚಳ ಒಂದೇ ಮಳೆಗಾಲಕ್ಕೆ ಸೊಟ್ಟಗಾಯಿತು. ದೊಡ್ಡ ತಪ್ಪು ಬೇರೆಯದು. ಕಾರ್ಡುಗಳಿಗೆ ನಂಬರೇ ಇಲ್ಲ! ಸರಣಿ ಅಂತ ಮಾರುವವರು ನಂಬರ್ ಹಾಕಬಾರದಾ? ಎರಡನೇ ವರ್ಷ ಅಟ್ಟದಿಂದ ಇಳಿಸುವಾಗ ಡಬ್ಬಿ ಕೈಜಾರಿತು. 120ಕ್ಕೆ 120 ನೆಲದ ಮೇಲೆ. ಅವತ್ತೇ ಈ ವಿಮರ್ಶೆ ಬರೆದಿದ್ದರೆ ಒಂದು ಸ್ಟಾರ್ ಕೊಡುತ್ತಿದ್ದೆ.

ಜೋಡಿಸೋಕೆ ಕೂತೆವು. ಲ್ಯಾಂಬ್ಟನ್ನಿಂದ ಹಿಂಟನ್‌ವರೆಗೆ ಹತ್ತು ನಿಮಿಷ ಕೂಡ ಆಗಲಿಲ್ಲ. ಒಬ್ಬರ ಬೆನ್ನಿಗೆ ಒಬ್ಬರು ನಿಜವಾಗಿ ಇದ್ದರಲ್ಲ, ತಲೆಯಲ್ಲಿ ಉಳಿದಿತ್ತು. ಪ್ರಾಸದ ಕಾರ್ಡುಗಳು ಮಾತ್ರ ಎಲ್ಲಿ ಇಟ್ಟರೂ ಕೂರಲಿಲ್ಲ. ಆಮೇಲಿಂದ ನಾವು ಆಡುವುದೇ ಹೀಗೆ: ಚೆನ್ನಾಗಿ ಕಲೆಸಿ ಹತ್ತು ಕಾರ್ಡು ತೆಗೆಯುವುದು, ಕೊಂಡಿ ನಾವೇ ಹುಡುಕುವುದು, ಬರೀ ಹೆಸರು ಹೊಂದಿದರೆ ಅಂಕ ಇಲ್ಲ. ಡಬ್ಬಿಯ ಮೇಲಿನ ನಿಯಮಕ್ಕಿಂತ ಇದೇ ಚೆಂದ.

ಇದಕ್ಕೆ ನಾಲ್ಕು ಸ್ಟಾರ್. ಹತ್ತು ವರ್ಷದ ಕೆಳಗಿನ ಮಕ್ಕಳಿಗೆ ಬೇಡ, ಬೇಜಾರಾಗುತ್ತೆ. ಒಬ್ಬರೇ ಆಡುವವರಿಗೆ ಎರಡು ವಾರದಲ್ಲಿ ಮುಗಿಯುತ್ತದೆ. ಮನೆಯಲ್ಲಿ ಕಥೆ ಗೊತ್ತಿರುವ ಹಿರಿಯರಿದ್ದರೆ ಮಾತ್ರ ಕೊಟ್ಟ ದುಡ್ಡು ವಸೂಲಿ.

ಹೋದ ತಿಂಗಳು ಮೈಸೂರು ಪಾಕ್ ಕಾರ್ಡಿಗೆ ಅಮ್ಮ ಜಾಗ ಹುಡುಕಿದರು. ಅದನ್ನು ಮೊದಲು ಮಾಡಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಅಡುಗೆಮನೆಯಲ್ಲಿ ಅಂತ ಕಥೆ ಇದೆ. ಟಿಪ್ಪು ಬಿದ್ದ ಮೇಲೆ ಸಿಂಹಾಸನದ ಮೇಲೆ ಕೂರಿಸಿದ್ದು ಅದೇ ವಂಶದ ಇನ್ನೂ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜರನ್ನು. ವರ್ಷ 1799. "ನಿನ್ನ ಲ್ಯಾಂಬ್ಟನ್ ಅಲ್ಲೇ ಇದ್ದನಲ್ಲೋ" ಅಂದರು. ಆ ಜೋಡಿಯಲ್ಲಿ ಈಗ ಪಾಕ್ ಜಲಸಂಧಿ ಒಂದೇ ಉಳಿದಿದೆ. ಫ್ರಿಜ್ ಮೇಲೆ ಅಂಟಿಸಿದ್ದೇವೆ.