ತುಕ್ಕು ಹಿಡಿದ ಪಿಕಪ್‌ಗೆ ಲಿಫ್ಟ್ ಹಾಕಿಸುವ ಮುನ್ನ: ಅಲೈನ್‌ಮೆಂಟ್ ಸರಿಯಾಗದೆ ಉಳಿದ ನಮ್ಮ ವಾಹನದ ಅನುಭವ

ಕರಾವಳಿಯಲ್ಲಿ ಓಡಿದ ಹಳೆಯ ಪಿಕಪ್ ವಾಹನದ ಎತ್ತರ ಹೆಚ್ಚಿಸಲು ಯೋಚಿಸುತ್ತಿರುವವರು ಇದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ. ಹೀಗೆ ಎತ್ತರಿಸುವ ಲಿಫ್ಟ್ ಹಾಕಿಸಿದರೆ ಚಕ್ರಗಳ ಅಲೈನ್‌ಮೆಂಟ್, ಅಂದರೆ ಅವು ನಿಲ್ಲಬೇಕಾದ ಕೋನಗಳ ಹೊಂದಾಣಿಕೆ, ತಪ್ಪುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತು. ಆಮೇಲೆ ಒಮ್ಮೆ ಅಲೈನ್‌ಮೆಂಟ್ ಮಾಡಿಸಿದರಾಯಿತು ಎಂಬ ಸಮಾಧಾನವೂ ಆ ಮಾತಿನ ಬೆನ್ನಿಗೇ ಬರುತ್ತದೆ. ಆದರೆ ಅಲೈನ್‌ಮೆಂಟ್ ಸರಿಪಡಿಸಲು ತಿರುಗಲೇಬೇಕಾದ ಬೋಲ್ಟುಗಳು ತುಕ್ಕಿನಿಂದ ಕಚ್ಚಿಕೊಂಡು ಕುಳಿತಿದ್ದರೆ, ತಪ್ಪಿದ ಕೋನವನ್ನು ಮರಳಿ ತರಲು ಯಾವ ಯಂತ್ರದಿಂದಲೂ ಆಗುವುದಿಲ್ಲ. ನಮ್ಮ ವಾಹನಕ್ಕೆ ಆದದ್ದು ಇದೇ, ಮತ್ತು ಇದನ್ನು ಲಿಫ್ಟ್ ಹಾಕುವ ಮುನ್ನವೇ ಪರೀಕ್ಷಿಸಬಹುದಿತ್ತು ಎಂಬ ಕಾರಣಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ವಾಹನ ಡಬಲ್ ಕ್ಯಾಬಿನ್ನಿನ ಡೀಸೆಲ್ ಪಿಕಪ್. ಭಾರ ಹೊರಲು ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಉಕ್ಕಿನ ಸರಳು), ಹಿಂದೆ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳು). ನಮ್ಮ ಕೈಗೆ ಬರುವ ಮೊದಲು ಅದು ಮಲ್ಪೆ ಬಂದರಿನಿಂದ ಮೀನಿನ ಪೆಟ್ಟಿಗೆಗಳನ್ನು ಸಾಗಿಸುತ್ತಿತ್ತು. ಮಂಜುಗಡ್ಡೆ ಕರಗಿದ ಉಪ್ಪುನೀರು ಹಿಂಬದಿಯ ತಳದಿಂದ ಇಳಿದು ಚಾಸಿಯ ಸಂದುಗಳಲ್ಲಿ, ಸ್ಪ್ರಿಂಗ್ ಪ್ಲೇಟುಗಳ ನಡುವೆ ನಿಲ್ಲುತ್ತದೆ. ಸಾಲದ್ದಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳು ಚೆಲ್ಲಿಕೊಂಡು ಹೋಗುವ ನೀರು, ವರ್ಷದ ಹಲವು ತಿಂಗಳು ಬಿಡದ ಮಳೆ, ಕಡಲ ಗಾಳಿಯ ಉಪ್ಪು ಇವೆಲ್ಲ ಕೆಳಭಾಗವನ್ನು ಒಣಗಲು ಬಿಡುವುದಿಲ್ಲ. ಮಾರಾಟದ ಹೊತ್ತಿಗೆ ಅಡಿಯಲ್ಲಿ ಹೊಸದಾಗಿ ಕಪ್ಪು ಲೇಪನ ಹೊಡೆದಿದ್ದರು. ತುಕ್ಕನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಡೆದ ಲೇಪನ ಕಬ್ಬಿಣವನ್ನು ಕಾಯುವುದಿಲ್ಲ. ಒಳಗಿನ ತೇವವನ್ನು ಹಿಡಿದಿಟ್ಟುಕೊಂಡು, ಸವೆತವನ್ನು ಕಣ್ಣಿಗೆ ಕಾಣದಂತೆ ಮುಂದುವರಿಸುತ್ತದೆ.

ಹೊಸನಗರದ ಕಡೆ ಇರುವ ನಮ್ಮ ಅಡಿಕೆ ತೋಟದ ದಾರಿಯಲ್ಲಿ ಟ್ರ್ಯಾಕ್ಟರ್ ಚಕ್ರಗಳು ಕೊರೆದ ಎರಡು ಕಾಲುವೆಗಳ ನಡುವೆ ಮಣ್ಣಿನ ದಿಣ್ಣೆ ಎದ್ದಿದೆ. ಅದು ವಾಹನದ ಹೊಟ್ಟೆಗೆ ತಾಗುತ್ತಿತ್ತು, ಆದ್ದರಿಂದ ಎತ್ತರ ಬೇಕಾಯಿತು. ಲಿಫ್ಟ್ ಹಾಕುವುದರಲ್ಲಿ ಹೆಸರು ಮಾಡಿದ್ದ ಒಂದು ಕಾರ್ಯಾಗಾರದವರು ಮುಂಭಾಗದ ಟಾರ್ಷನ್ ಬಾರಿನ ಹೊಂದಾಣಿಕೆ ಬೋಲ್ಟನ್ನು ಬಿಗಿದು ಸುಮಾರು ಒಂದು ಇಂಚು ಎತ್ತಿದರು. ಹಿಂಭಾಗದಲ್ಲಿ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗ್ ನಡುವೆ ಎರಡು ಇಂಚಿನ ಬ್ಲಾಕ್ ಇಟ್ಟು, ಉದ್ದನೆಯ ಹೊಸ ಯು-ಬೋಲ್ಟುಗಳನ್ನು ಹಾಕಿದರು. ಕೆಲಸಕ್ಕೆ ಮೊದಲು ಅಲೈನ್‌ಮೆಂಟಿನ ಅಂಕಿಗಳನ್ನು ತೆಗೆಯಲಿಲ್ಲ, ಯಾವ ಬೋಲ್ಟು ಸಡಿಲಾಗುತ್ತದೆ, ಯಾವುದು ಆಗುವುದಿಲ್ಲ ಎಂದು ನೋಡಲಿಲ್ಲ. ಹೊಸ ಯು-ಬೋಲ್ಟುಗಳ ನಡುವೆ ಹಳೆಯ ಸೆಂಟರ್ ಬೋಲ್ಟನ್ನೇ ಉಳಿಸಿದರು. ಈ ಕೊನೆಯ ಸಂಗತಿ ನಮಗೆ ತಿಳಿದದ್ದು ಬಹಳ ತಡವಾಗಿ.

ಮನೆಗೆ ಬರುವ ದಾರಿಯಲ್ಲಿಯೇ ವಾಹನ ನೇರವಾಗಿ ಓಡುತ್ತಿರಲಿಲ್ಲ. ಹೆದ್ದಾರಿಯಲ್ಲಿ ಸ್ಟೇರಿಂಗನ್ನು ಸದಾ ಸ್ವಲ್ಪ ಎಡಕ್ಕೆ ಹಿಡಿದೇ ಇರಬೇಕಾಗಿತ್ತು. ಹುಲಿಕಲ್ ಘಾಟಿಯ ತಿರುವುಗಳಲ್ಲಿ, ತಿರುವು ಮುಗಿದ ಮೇಲೆ ತಾನಾಗಿ ಮಧ್ಯಕ್ಕೆ ಬರಬೇಕಾದ ಸ್ಟೇರಿಂಗ್ ಬಾರದೆ ಕೈಯಿಂದ ಎಳೆದು ತರಬೇಕಾಯಿತು. ಅಲೈನ್‌ಮೆಂಟ್ ಅಂಗಡಿಯಲ್ಲಿ ಮುಂದಿನ ಎರಡು ಚಕ್ರಗಳಿಗೆ ಮಾತ್ರ ಸೆನ್ಸರ್ ಕಟ್ಟಿ, ಸ್ಟೇರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ತಿರುಗಿಸಿ, ಟೋ ಅಂಕಿಯನ್ನು ಹಸಿರಿಗೆ ತಂದು ಚೀಟಿ ಕೊಟ್ಟರು. ಅದೇ ಚೀಟಿಯಲ್ಲಿ ಕ್ಯಾಂಬರ್ ಮತ್ತು ಕ್ಯಾಸ್ಟರ್ ಕೆಂಪಾಗಿಯೇ ಉಳಿದಿದ್ದವು. ಕೇಳಿದಾಗ ಬಂದ ಉತ್ತರ, “ಲಿಫ್ಟ್ ಮಾಡಿದ ಗಾಡಿ ಅಲ್ವಾ ಸರ್, ಇಷ್ಟೇ ಬರುವುದು.” ಆ ಉತ್ತರವನ್ನು ಯಾರೂ ಒಪ್ಪಬಾರದು. ಅಷ್ಟು ಸಣ್ಣ ಎತ್ತರಕ್ಕೆ ಕೋನಗಳನ್ನು ಮಿತಿಯೊಳಗೆ ತರಲು ಆ ವಾಹನದಲ್ಲಿ ವ್ಯವಸ್ಥೆ ಇದೆ. ಆ ವ್ಯವಸ್ಥೆ ತುಕ್ಕು ಹಿಡಿದಿದೆ ಎಂಬ ಸತ್ಯವನ್ನು ಅವರು ಹೇಳಲಿಲ್ಲ, ಅಷ್ಟೇ.

ಈ ಮೂರು ಕೋನಗಳ ವಿಚಾರವನ್ನು ಸ್ವಲ್ಪ ವಿವರಿಸಲೇಬೇಕು, ಏಕೆಂದರೆ ನಷ್ಟವಾಗುವುದು ಇಲ್ಲಿಯೇ. ಕ್ಯಾಂಬರ್ ಎಂದರೆ ಮುಂದಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಪ್ರಮಾಣ. ಟಾರ್ಷನ್ ಬಾರ್ ಬಿಗಿದಾಗ ಚಕ್ರವನ್ನು ಚಾಸಿಗೆ ಸೇರಿಸುವ ಮೇಲಿನ ಮತ್ತು ಕೆಳಗಿನ ತೋಳುಗಳು ಕೆಳಮುಖವಾಗಿ ಬಾಗುತ್ತವೆ, ಎರಡರ ಉದ್ದ ಬೇರೆಬೇರೆಯಾದ್ದರಿಂದ ಚಕ್ರದ ವಾಲಿಕೆ ಬದಲಾಗುತ್ತದೆ. ನಮ್ಮ ವಾಹನದಲ್ಲಿ ಚಕ್ರದ ತಲೆ ಹೊರಕ್ಕೆ ವಾಲಿ ಟೈರಿನ ಹೊರ ಅಂಚು ಸವೆಯತೊಡಗಿತು. ಕ್ಯಾಸ್ಟರ್ ಎಂದರೆ ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಎಡಬಲಕ್ಕೆ ಹೊರಳುವ ಅಕ್ಷದ ಮೇಲ್ತುದಿ ಹಿಂದಕ್ಕೆ ವಾಲಿರುವ ಪ್ರಮಾಣ. ಸೈಕಲ್ಲಿನ ಫೋರ್ಕ್ ವಾಲಿರುವುದರಿಂದ ಅದು ನೇರ ಹೋಗಲು ಹವಣಿಸುವ ಹಾಗೆ, ವಾಹನದ ಸ್ಟೇರಿಂಗ್ ಮಧ್ಯಕ್ಕೆ ಮರಳುವುದು ಇದರ ಬಲದಿಂದ. ಹಿಂಭಾಗವನ್ನು ಮುಂಭಾಗಕ್ಕಿಂತ ಒಂದು ಇಂಚು ಹೆಚ್ಚು ಎತ್ತಿದರೆ, ಮೂರು ಮೀಟರ್ ಚಕ್ರಾಂತರದ ವಾಹನ ಮೂಗು ತಗ್ಗಿಸಿದಂತಾಗಿ ಕ್ಯಾಸ್ಟರ್ ಸುಮಾರು ಅರ್ಧ ಡಿಗ್ರಿ ಕಳೆದುಹೋಗುತ್ತದೆ. ಟೋ ಎಂದರೆ ಎರಡು ಚಕ್ರಗಳು ಮುಂದೆ ಒಂದನ್ನೊಂದು ನೋಡುತ್ತಿವೆಯೋ, ದೂರ ಸರಿಯುತ್ತಿವೆಯೋ ಎಂಬ ಲೆಕ್ಕ. ಎಪ್ಪತ್ತು ಸೆಂಟಿಮೀಟರ್ ವ್ಯಾಸದ ಟೈರುಗಳಲ್ಲಿ ಒಟ್ಟು ಟೋ ಮೂರು ಮಿಲಿಮೀಟರ್ ತಪ್ಪಿದರೆ, ಪ್ರತಿ ಟೈರು ಒಂದು ಕಿಲೋಮೀಟರಿಗೆ ಎರಡು ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಕೊಂಡು ಓಡುತ್ತದೆ.

ಟೋ ಸರಿಪಡಿಸುವುದು ಟೈ ರಾಡಿನಲ್ಲಿ. ಕ್ಯಾಂಬರ್ ಮತ್ತು ಕ್ಯಾಸ್ಟರ್ ಸರಿಪಡಿಸುವುದು, ನಮ್ಮ ವಾಹನದಂಥವುಗಳಲ್ಲಿ, ಮೇಲಿನ ತೋಳಿನ ಶಾಫ್ಟ್ ಮತ್ತು ಚಾಸಿಯ ಬ್ರಾಕೆಟ್ ನಡುವೆ ಇರುವ ತೆಳುವಾದ ಶಿಮ್ ತಗಡುಗಳಲ್ಲಿ. ಎರಡೂ ಬೋಲ್ಟುಗಳ ಬಳಿ ಸಮನಾಗಿ ಸೇರಿಸಿದರೆ ಅಥವಾ ತೆಗೆದರೆ ಕ್ಯಾಂಬರ್ ಬದಲಾಗುತ್ತದೆ. ಮುಂದಿನ ಬೋಲ್ಟಿನಲ್ಲಿ ಒಂದು ಲೆಕ್ಕ, ಹಿಂದಿನದರಲ್ಲಿ ಇನ್ನೊಂದು ಲೆಕ್ಕ ಇಟ್ಟರೆ ಕ್ಯಾಸ್ಟರ್ ಬದಲಾಗುತ್ತದೆ. ಬೇರೆ ಕೆಲವು ಮಾದರಿಗಳಲ್ಲಿ ಶಿಮ್ ಬದಲು ಕೆಳತೋಳಿನ ಬುಶ್ (ಉಕ್ಕಿನ ಕೊಳವೆಯ ಸುತ್ತ ರಬ್ಬರು ಇರುವ ಭಾಗ) ಮೂಲಕ ಹಾದುಹೋಗುವ, ತಿರುಗಿಸಿದರೆ ತೋಳನ್ನು ಸರಿಸುವ ಕ್ಯಾಮ್ ಬೋಲ್ಟ್ ಇರುತ್ತದೆ. ಅಲ್ಲಿ ತುಕ್ಕಿನ ಹಾವಳಿ ಇನ್ನೂ ಹೆಚ್ಚು: ಬೋಲ್ಟು ಬುಶ್ಶಿನ ಒಳಗಿನ ಉಕ್ಕಿನ ಕೊಳವೆಗೆ ಅಂಟಿಕೊಂಡು, ತಿರುಗಿಸಿದರೆ ಕೊಳವೆಯೂ ಜೊತೆಗೆ ತಿರುಗಿ, ರಬ್ಬರು ಮಾತ್ರ ಹಿಂಡಿಕೊಂಡು, ಪಾನಾ ಬಿಟ್ಟೊಡನೆ ಮೊದಲಿನ ಜಾಗಕ್ಕೇ ಮರಳುತ್ತದೆ. ಆಗ ಬೋಲ್ಟನ್ನು ಗ್ರೈಂಡರಿನಿಂದ ಕತ್ತರಿಸುವುದೊಂದೇ ಉಳಿಯುವ ದಾರಿ.

ಕುಂದಾಪುರದ ಹಿರಿಯ ಮೆಕ್ಯಾನಿಕ್ ಒಬ್ಬರು ವಾಹನವನ್ನು ಎತ್ತಿ, ಕಪ್ಪು ಲೇಪನವನ್ನು ಕೆರೆದಾಗ ಒಳಗಿನ ಸ್ಥಿತಿ ತಿಳಿಯಿತು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಆದ್ದರಿಂದ ಶಿಮ್ ತಗಡುಗಳು ಉಬ್ಬಿ ಒಂದೇ ಗಟ್ಟಿಯಾಗಿ, ಎಷ್ಟು ಶಿಮ್ ಇವೆ ಎಂದು ಎಣಿಸಲೂ ಬಾರದಂತಾಗಿದ್ದವು. ಅವರು ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟರು, ಮರುದಿನ ಗ್ಯಾಸಿನಿಂದ ಕಾಯಿಸಿದರು. ಆದರೂ ಎಡಗಡೆಯ ಒಂದು ಬೋಲ್ಟು ತಲೆಯ ಬಳಿಯೇ ಮುರಿಯಿತು, ಅದು ಕೂತಿದ್ದ ಬ್ರಾಕೆಟ್ಟಿನ ಅಂಚು ಸುತ್ತಿಗೆಯ ತುದಿ ತಾಗಿದರೆ ಪದರ ಪದರವಾಗಿ ಉದುರುತ್ತಿತ್ತು. ತೋಳಿನ ತುದಿಯನ್ನು ಚಕ್ರದ ಭಾಗಕ್ಕೆ ಸೇರಿಸುವ ಕೆಳಗಿನ ಬಾಲ್ ಜಾಯಿಂಟಿನ ರಬ್ಬರ್ ಟೊಪ್ಪಿಗೆ ಹರಿದು ಒಳಗೆ ನೀರು ಹೋಗಿತ್ತು. ಲಿಫ್ಟ್ ಆದ ಮೇಲೆ ಜಾಯಿಂಟು ತನ್ನ ಕೋನದ ಮಿತಿಯ ಹತ್ತಿರವೇ ಸದಾ ಕೆಲಸ ಮಾಡುತ್ತಿರುತ್ತದೆ. ಒಳಗೆ ತುಕ್ಕು ಹಿಡಿದು ಸವೆದ ಜಾಯಿಂಟು ಆ ಸ್ಥಿತಿಯಲ್ಲಿ ಕಳಚಿಕೊಂಡರೆ ಚಕ್ರ ಮಡಚಿ ಬೀಳುತ್ತದೆ. ಘಾಟಿ ಇಳಿಯುವಾಗ ವಾಹನದಲ್ಲಿ ಮನೆಯವರೆಲ್ಲ ಇದ್ದದ್ದನ್ನು ನೆನೆದರೆ ಈಗಲೂ ಮನಸ್ಸು ನಡುಗುತ್ತದೆ.

ಇಷ್ಟಾದರೂ ವಾಹನ ಒಂದೇ ಬದಿಗೆ ಎಳೆಯುವುದಕ್ಕೆ ಕಾರಣ ಮುಂಭಾಗದಲ್ಲಿ ಇರಲಿಲ್ಲ. ಅದೇ ಮೆಕ್ಯಾನಿಕ್ ಹಿಂದಿನ ಆಕ್ಸಲಿನ ಮಧ್ಯರೇಖೆಯಿಂದ ಅದರ ಮುಂದಿರುವ ಚಾಸಿಯ ಒಂದು ನಿರ್ದಿಷ್ಟ ರಂಧ್ರದವರೆಗೆ ಎರಡೂ ಬದಿಯಲ್ಲಿ ಟೇಪು ಹಿಡಿದು ಅಳೆದರು. ಎಡಬದಿಯ ಅಳತೆ ಹೆಚ್ಚಿತ್ತು. ಲೀಫ್ ಸ್ಪ್ರಿಂಗಿನ ಪ್ಲೇಟುಗಳನ್ನು ಹಿಡಿದಿಡುವ ಸೆಂಟರ್ ಬೋಲ್ಟಿನ ತಲೆ ಕೆಳಗಿನ ಬ್ಲಾಕಿನ ಕುಳಿಯಲ್ಲಿ ಸರಿಯಾಗಿ ಕೂರಬೇಕು, ಆಕ್ಸಲ್ ತನ್ನ ಜಾಗದಲ್ಲಿ ನಿಲ್ಲುವುದು ಅದರಿಂದಲೇ. ನಮ್ಮದರಲ್ಲಿ ತುಕ್ಕು ತಿಂದು ಆ ತಲೆ ಸಣ್ಣದಾಗಿತ್ತು, ಯು-ಬೋಲ್ಟು ಬಿಗಿದರೂ ಕುಳಿಯಲ್ಲಿ ಆಟವಿತ್ತು. ಬ್ರೇಕು ಹಾಕಿದಾಗಲೆಲ್ಲ ಬ್ಲಾಕು ಸರಿಯುತ್ತ ಹೋಗಿ ಆಕ್ಸಲ್ ಓರೆಯಾಯಿತು. ಸ್ಪ್ರಿಂಗುಗಳ ನಡುವಿನ ಅಂತರ ಒಂದು ಮೀಟರ್ ಇದ್ದು, ಒಂದು ಬದಿ ಆರು ಮಿಲಿಮೀಟರ್ ಹಿಂದೆ ಸರಿದರೆ ಸುಮಾರು ಮೂರನೇ ಒಂದು ಡಿಗ್ರಿ ಓರೆ. ಹಿಂದಿನ ಚಕ್ರಗಳು ವಾಹನವನ್ನು ಅಡ್ಡಕ್ಕೆ ತಳ್ಳುತ್ತಿದ್ದರೆ, ಮುಂದಿನ ಟೋ ಎಷ್ಟು ಸರಿ ಮಾಡಿದರೂ ಸ್ಟೇರಿಂಗ್ ನೇರ ನಿಲ್ಲದು. ನಾಲ್ಕೂ ಚಕ್ರಗಳಿಗೆ ಸೆನ್ಸರ್ ಕಟ್ಟಿ, ಹಿಂದಿನ ಚಕ್ರಗಳು ತಳ್ಳುವ ದಿಕ್ಕು ವಾಹನದ ಮಧ್ಯರೇಖೆಯಿಂದ ಎಷ್ಟು ಓರೆಯಾಗಿದೆ ಎಂದು ಹೇಳುವ ಥ್ರಸ್ಟ್ ಕೋನ ನೋಡಿದ್ದರೆ ಇದು ಮೊದಲ ದಿನವೇ ತಿಳಿಯುತ್ತಿತ್ತು.

ಕೊನೆಗೆ ಲಿಫ್ಟ್ ಬ್ಲಾಕುಗಳನ್ನು ತೆಗೆಸಿ, ಟಾರ್ಷನ್ ಬಾರನ್ನು ಮೂಲ ಎತ್ತರಕ್ಕೆ ಇಳಿಸಿ, ಮೇಲಿನ ತೋಳುಗಳು, ಬಾಲ್ ಜಾಯಿಂಟುಗಳು, ಬುಶ್ಶುಗಳು, ಸೆಂಟರ್ ಬೋಲ್ಟುಗಳು ಎಲ್ಲವನ್ನೂ ಹೊಸದಾಗಿ ಹಾಕಿಸಿ, ಬ್ರಾಕೆಟ್ಟಿಗೆ ವೆಲ್ಡಿಂಗ್ ಮಾಡಿಸಬೇಕಾಯಿತು. ಮುಂದಿನ ಎರಡು ಟೈರುಗಳೂ ಹೋದವು. ಖರ್ಚು ಲಿಫ್ಟಿಗೆ ಕೊಟ್ಟ ಹಣದ ಹಲವು ಪಟ್ಟಾಯಿತು, ಲಿಫ್ಟ್ ಹಾಕಿದವರು ಯಾವ ಹೊಣೆಯನ್ನೂ ಹೊರಲಿಲ್ಲ.

ಆದ್ದರಿಂದ ಕರಾವಳಿಯ ವಾಹನಕ್ಕೆ ಲಿಫ್ಟ್ ಯೋಚಿಸುವವರು ಮೊದಲು ಇದೊಂದು ಕೆಲಸ ಮಾಡಿಸಿ: ಟೈ ರಾಡಿನ ಲಾಕ್ ನಟ್, ಶಿಮ್ ಬೋಲ್ಟುಗಳು ಅಥವಾ ಕ್ಯಾಮ್ ಬೋಲ್ಟುಗಳು, ಟಾರ್ಷನ್ ಬಾರಿನ ಹೊಂದಾಣಿಕೆ ಬೋಲ್ಟು ಇವೆಲ್ಲ ನಿಮ್ಮ ಕಣ್ಣೆದುರು ಸಡಿಲಾಗಿ ಮತ್ತೆ ಬಿಗಿಯಾಗುವುದನ್ನು ನೋಡಿ. ಟಾರ್ಷನ್ ಬಾರಿನ ಬೋಲ್ಟಿನ ಮೇಲೆ ಭಾರೀ ಒತ್ತಡ ಇರುವುದರಿಂದ ಅದನ್ನು ಅನುಭವಿಗಳೇ ಮುಟ್ಟಬೇಕು. ತುಕ್ಕು ಹಿಡಿದ ಬೋಲ್ಟಿನ ಥ್ರೆಡ್ (ಸುರುಳಿ ಗೆರೆ) ಕಿತ್ತುಬಂದರೆ ಕೆಳಗೆ ಮಲಗಿದವರಿಗೆ ಅಪಾಯ. ಬಾರಿನ ಮೈಮೇಲೆ ತುಕ್ಕಿನ ಗುಳಿಗಳಿದ್ದರೆ ಅದನ್ನು ಇನ್ನಷ್ಟು ತಿರುಚಿಸಲೇಬೇಡಿ, ಬಿರುಕು ಹುಟ್ಟುವುದು ಆ ಗುಳಿಗಳಿಂದಲೇ. ಹೊಸ ಬುಶ್ ಹಾಕಿಸಿದರೆ, ವಾಹನ ಚಕ್ರಗಳ ಮೇಲೆ ತನ್ನ ಭಾರದಲ್ಲಿ ನಿಂತಿರುವಾಗಲೇ ಬೋಲ್ಟಿನ ಕೊನೆಯ ಬಿಗಿತ ಮಾಡಬೇಕು; ತೋಳು ಜೋತುಬಿದ್ದಾಗ ಬಿಗಿದರೆ ರಬ್ಬರು ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.

ಕಾನೂನಿನ ಮಾತನ್ನೂ ಹೇಳಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮೆಯವರು ಇದನ್ನೇ ಮುಂದಿಡಬಹುದು. ಲಿಫ್ಟ್ ಅಂಗಡಿಯವರು ಈ ವಿಷಯವನ್ನು ನಮಗೆ ತಿಳಿಸಿರಲಿಲ್ಲ.

ಈಗಾಗಲೇ ಲಿಫ್ಟ್ ಆಗಿರುವ ಹಳೆಯ ಪಿಕಪ್ಪನ್ನು ಕೊಳ್ಳಲು ಹೊರಟವರು ನಾಲ್ಕು ಚಕ್ರಗಳ ಅಲೈನ್‌ಮೆಂಟ್ ಚೀಟಿ ಕೇಳಿ, ಅದರಲ್ಲಿ ಟೋ ಮಾತ್ರವಲ್ಲ, ಕ್ಯಾಂಬರ್, ಕ್ಯಾಸ್ಟರ್ ಮತ್ತು ಥ್ರಸ್ಟ್ ಕೋನದ ಸಾಲುಗಳನ್ನೂ ಓದಿ. ಮುಂದಿನ ಟೈರಿನ ಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೂ ಒಳಗಿನಿಂದ ಹೊರಕ್ಕೂ ಎಳೆದು ನೋಡಿ. ಒಂದು ದಿಕ್ಕಿನಲ್ಲಿ ನುಣುಪಾಗಿ, ಇನ್ನೊಂದು ದಿಕ್ಕಿನಲ್ಲಿ ಗರಗಸದಂತೆ ತಾಗಿದರೆ ಟೋ ಬಹಳ ಕಾಲದಿಂದ ತಪ್ಪಿದೆ. ಅಡಿಯಲ್ಲಿ ಹೊಸ ಕಪ್ಪು ಲೇಪನ ಕಂಡರೆ ಶಿಮ್ ಇರುವ ಜಾಗದಲ್ಲಿ ಸ್ವಲ್ಪ ಕೆರೆಯಲು ಅನುಮತಿ ಕೇಳಿ, ಮಾರುವವರು ಒಪ್ಪದಿದ್ದರೆ ಆ ವಾಹನವನ್ನು ಬಿಟ್ಟುಬಿಡಿ.